‘ಬಿಡಿ’ ಎನ್ನಬಾರದ ಸ್ಟೇಷನ್

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಟ್ರಾನ್ಸ್‌ಫಾರ್ಮರಿನ ಔಷಧಿಯನ್ನು ತಿಂದೆ.

ಪೂರ್ತಿ ನುಂಗಲಿಲ್ಲ, ಅಷ್ಟು ಮಾನ ಉಳಿಯಿತು. ಕುಂದಾಪುರದಾಚೆ ಹೊಳೆಯ ಬದಿಯಲ್ಲಿರುವ ನಮ್ಮ ಸಬ್‌ಸ್ಟೇಷನ್ನಿನ ಹಿಂದಿನ ಜಗಲಿಯಲ್ಲಿ ಒಬ್ಬ ಹೆಂಗಸು ಗ್ಯಾಸ್ ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟುಕೊಂಡು ಗುಲಾಬಿ ಬಣ್ಣದ ಹರಳುಗಳನ್ನು ಹುರಿಯುತ್ತಿದ್ದರು. ಹುರಿದಂತೆ ಅವು ನೀಲಿಗೆ ತಿರುಗುತ್ತಿದ್ದವು. ಪಕ್ಕದ ತಟ್ಟೆಯಲ್ಲಿ ಆರಿದ ಹರಳುಗಳಿದ್ದವು. ಬಣ್ಣದ ಕಲ್ಲುಸಕ್ಕರೆ, ಯಾವುದೋ ಪೂಜೆಗಿರಬೇಕು ಎಂದುಕೊಂಡು, ಹೊಸಬನಾದರೂ ಮನೆಯವನಂತೆ ಇರೋಣವೆಂದು, ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಅದು ನಾಲಿಗೆಗೆ ಅಂಟಿತು.

"ಹ್ವಾಯ್! ಉಗಿ, ಉಗಿ! ಅದ್ ತಿಂಬುದಲ್ಲ ಮಾರಾಯ, ಟ್ರಾನ್ಸ್‌ಫಾರ್ಮರಿಂದ್!"

ಉಗಿದೆ. ನಾಲ್ಕು ಸಲ ಬಾಯಿ ಮುಕ್ಕಳಿಸಿದೆ.

"ನೀರ್ ಹೀರುದೇ ಅದ್ರ್ ಕೆಲ್ಸ. ನಾಲ್ಗೆ ಬಿಡ್ತಾ ಅದ್? ಡಿಪ್ಲೊಮಾ ಅಲ್ದಾ ನೀನ್?"

"ಹೌದ್ ಅಕ್ಕ."

"ಕಾಣ್ತ್."

ಫ್ಯಾರಡೆ ತಂತಿಯ ಸುರುಳಿಯೊಳಗೆ ಅಯಸ್ಕಾಂತ ಆಡಿಸಿ ವಿದ್ಯುತ್ ಹುಟ್ಟಿಸಿದ್ದನ್ನು ನಾನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದವನು. ಟ್ರಾನ್ಸ್‌ಫಾರ್ಮರ್ ಕಾದಾಗ ಉಸಿರು ಬಿಡುತ್ತದೆ, ತಣಿದಾಗ ಎಳೆದುಕೊಳ್ಳುತ್ತದೆ, ಆ ಉಸಿರಿನ ತೇವವನ್ನು ಸಿಲಿಕಾ ಹರಳು ಹೀರಿಕೊಳ್ಳುತ್ತದೆ ಎಂದು ಐದು ಅಂಕಕ್ಕೆ ಬರೆದಿದ್ದೆ. ಅದೇ ಹರಳು ಬಾಣಲೆಯಲ್ಲಿ ಸಿಕ್ಕಿದಾಗ ಗುರುತು ಹತ್ತಲಿಲ್ಲ. ನಮ್ಮ ಕರಾವಳಿಯ ಗಾಳಿಗೆ ಹರಳು ಒಂದೇ ವಾರದಲ್ಲಿ ಗುಲಾಬಿಯಾಗುತ್ತದೆ. ಹೊಸದು ಬರುವವರೆಗೆ ಹಳೆಯದನ್ನೇ ಹುರಿಯಬೇಕು. ಹೊಸದಂತೂ ಬರುವುದೇ ಇಲ್ಲ.

ಬಾಣಲೆ ಹಿಡಿದಿದ್ದವರು ಸ್ವರ್ಣಲತಾ, ನಮ್ಮ ಸ್ಟೇಷನ್ನಿನ ಹಿರಿಯ ಆಪರೇಟರ್. ಎಲ್ಲರಿಗೂ ಅವರು ಸ್ವರ್ಣಕ್ಕ. ನನ್ನ ಹೆಸರು ಪ್ರಖ್ಯಾತ್. ಹೆಸರಿಟ್ಟವರ ಅಂದಾಜು ತಪ್ಪಿ ನಾನು ಗುತ್ತಿಗೆ ನೌಕರನಾದೆ. ಸಾಸ್ತಾನದಿಂದ ಬೈಕಿನಲ್ಲಿ ಬರುತ್ತೇನೆ. ಬೈಕಿಗೆ ಟೋಲ್ ಇಲ್ಲ. ಸರ್ಕಾರದಿಂದ ನನಗೆ ಸಿಕ್ಕಿರುವ ಸವಲತ್ತು ಅದೊಂದೇ.

ಸ್ವರ್ಣಕ್ಕನಿಗೆ ಆಗ ಐವತ್ತೊಂಬತ್ತು ದಾಟಿತ್ತು. ಬೈಂದೂರಿನವರು. ತಂದೆ ಲೈನ್‌ಮ್ಯಾನ್ ಆಗಿದ್ದವರು, ಎದೆನೋವಿನಿಂದ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಆ ಕೆಲಸ ಮಗಳಿಗೆ ಬಂತು. ಹೆಂಗಸಿಗೆ ಸ್ವಿಚ್ ಹಾಕಲು ಬರುತ್ತದೋ ಎಂದು ಕೇಳಿದವರೆಲ್ಲ ಈಗ ನಿವೃತ್ತರಾಗಿ ಮನೆಯಲ್ಲಿ ಟಿವಿಯ ಸ್ವಿಚ್ ಹಾಕಿಕೊಂಡಿದ್ದಾರೆ. ಗಂಡ ಮುಂಬಯಿಯ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು. ಈಗ ಮನೆಯ ಅಡುಗೆ ಅವರದೇ. ಪ್ರತಿದಿನ ಬುತ್ತಿ ಬಿಚ್ಚಿದ ಕೂಡಲೇ ಸ್ವರ್ಣಕ್ಕ, "ಇವ್ರ್ ಇವತ್ತೂ ಐವತ್ತ್ ಜನಕ್ಕೆ ಆಪಷ್ಟ್ ಉಪ್ಪ್ ಹಾಕಿರ್" ಎನ್ನುತ್ತಿದ್ದರು. ಆಮೇಲೆ ಒಂದಗುಳೂ ಬಿಡದೆ ಉಣ್ಣುತ್ತಿದ್ದರು.

ಸ್ಟೇಷನ್ನಿಗೂ ಅವರಿಗೂ ಹೆಚ್ಚುಕಡಿಮೆ ಒಂದೇ ಸರ್ವಿಸು. ಹೊರಗಿನ ಬ್ರೇಕರ್, ಅಂದರೆ ಲೈನಿಗೆ ವಿದ್ಯುತ್ ಕೊಡುವ, ತೆಗೆಯುವ ದೊಡ್ಡ ಸ್ವಿಚ್ಚು, ನಾನು ಹುಟ್ಟುವ ಮೊದಲಿನದು. ಅದರ ಕಿಂಡಿಯಲ್ಲಿ ಆನ್ ಇದ್ದರೆ ಕೆಂಪು, ಆಫ್ ಇದ್ದರೆ ಹಸಿರು ಕಾಣಬೇಕು. ನಮ್ಮದರಲ್ಲಿ ಅರ್ಧ ಕೆಂಪು, ಅರ್ಧ ಹಸಿರು ಕಾಣುತ್ತದೆ. ಸ್ವರ್ಣಕ್ಕ ಕಿಂಡಿ ನೋಡುತ್ತಿರಲಿಲ್ಲ, ಶಬ್ದ ಕೇಳುತ್ತಿದ್ದರು. ಒಂದೇ ಸಲ ‘ಟಪ್’ ಎಂದರೆ ಸರಿ. ‘ಟಪ್’ನ ಹಿಂದೆ ಸಣ್ಣ ‘ಟಿಕ್’ ಬಂದರೆ ಒಳಗೆ ಏನೋ ಅರ್ಧಕ್ಕೆ ನಿಂತಿದೆ. ನನಗೆ ಆರು ತಿಂಗಳವರೆಗೆ ಎರಡೂ ಒಂದೇ ಥರ ಕೇಳಿಸಿದವು.

ಬ್ರೇಕರನ್ನು ನಂಬದೆ ಅದರ ಮುಂದೆ ಇನ್ನೊಂದು ಕಡಿತ ಇಟ್ಟಿರುತ್ತಾರೆ. ಮೂರು ತಂತಿಗೆ ಮೂರು ತಾಮ್ರದ ಕತ್ತಿಗಳು. ಕೆಳಗಿನ ಹಿಡಿ ಎಳೆದರೆ ಮೂರೂ ಒಟ್ಟಿಗೆ ಬಾಯಿ ತೆರೆಯಬೇಕು. ಉಪ್ಪುಗಾಳಿಗೆ ಅವು ಹಿಡಿದುಕೊಳ್ಳುತ್ತವೆ. ಹಿಡಿ ಕೆಳಗೆ ಬಂದಿದ್ದರೂ ಮೇಲೆ ಒಂದು ಕತ್ತಿ ಮುಚ್ಚಿಕೊಂಡೇ ಇರಬಹುದು. ಆದ್ದರಿಂದ ಪ್ರತಿ ಸಲವೂ ಅಡಿಯಲ್ಲಿ ನಿಂತು ತಲೆಯೆತ್ತಿ ಎಣಿಸಬೇಕು. ಅವರ ಎರಡು ಕಾನೂನುಗಳಲ್ಲಿ ಇದು ಒಂದು.

ಇನ್ನೊಂದು ಕಾನೂನು: ನಮ್ಮ ಸ್ಟೇಷನ್ನಿನಲ್ಲಿ ಯಾರೂ ‘ಬಿಡಿ’ ಎನ್ನಬಾರದು.

ಆ ಶಬ್ದವಿಲ್ಲದೆ ಕನ್ನಡದಲ್ಲಿ ಒಂದು ದಿನ ಬದುಕಿ ನೋಡಿ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ "ಬಿಡಿ ಅಕ್ಕ, ಪರ್ವಾಗಿಲ್ಲೆ" ಎನ್ನುವಂತಿಲ್ಲ. ಒಮ್ಮೆ ಬಾಯಿತಪ್ಪಿ ಅಂದೆ. "ಎಂತ ಬಿಡುದ್? ಕರೆಂಟಾ, ಹಟ್ಟಿ ದನವಾ?" ಎಂದು ಕೇಳಿದರು. ಲೈನ್‌ಮ್ಯಾನ್‌ಗಳಿಗೆ ಕಾನೂನು ಇನ್ನೂ ಬಿಗಿ. ಕಂಬ ಹತ್ತುವ ಮೊದಲು ಲೈನ್ ಬಂದ್ ಮಾಡಿಸಿ ಆಪರೇಟರಿಂದ ಒಂದು ನಂಬರ್ ಪಡೆಯಬೇಕು. ಅದಕ್ಕೆ ಎಲ್‌ಸಿ, ಲೈನ್ ಕ್ಲಿಯರ್, ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಎಲ್‌ಸಿ ಪಡೆದವನೇ, ಅವನ ಸ್ವಂತ ಬಾಯಲ್ಲಿ, ಆ ನಂಬರ್ ಹೇಳಿ, ಎಷ್ಟು ಜನ ಹತ್ತಿದ್ದರು, ಎಷ್ಟು ಜನ ಇಳಿದರು, ಲೈನಿಗೆ ಕಟ್ಟಿದ ಅರ್ತಿಂಗ್ ಸರಪಳಿ ತೆಗೆದಾಯಿತೇ ಎಂದು ಹೇಳಿ, ಕೊನೆಗೆ "ಚಾರ್ಜ್ ಮಾಡ್ಲಕ್ಕ್", ಅಂದರೆ ವಿದ್ಯುತ್ ಹರಿಸಬಹುದು, ಎನ್ನಬೇಕು. ‘ಕರೆಂಟ್ ಬಿಡಿ’ ಎಂದರೆ ಸ್ವರ್ಣಕ್ಕ ಫೋನ್ ಇಟ್ಟುಬಿಡುತ್ತಿದ್ದರು. ಲೈನ್‌ಮ್ಯಾನ್‌ಗಳು ಹಿಂದಿನಿಂದ ಅವರನ್ನು ಕನ್ನಡ ಟೀಚರ್ ಎಂದು ಕರೆಯುತ್ತಿದ್ದರು. ನಗುವವರಲ್ಲಿ ನಾನೂ ಒಬ್ಬ.

ಕಳೆದ ಜೂನಿನ ಒಂದು ಬೆಳಿಗ್ಗೆಯವರೆಗೆ ನಕ್ಕೆ.

ಎರಡು ದಿನದಿಂದ ಮಳೆ ಹೊಡೆಯುತ್ತಿತ್ತು. ಹತ್ತೂಕಾಲಕ್ಕೆ ಕಡಲ ಬದಿಗೆ ಹೋಗುವ ಲೈನ್ ತಾನಾಗಿಯೇ ಬಂದ್ ಆಯಿತು. ಲೈನ್‌ಮ್ಯಾನ್ ರತೀಶ್ ಜೊತೆಗಾರ ಅಜಿತ್‌ನೊಂದಿಗೆ ಹುಡುಕಿಕೊಂಡು ಹೋಗಿ ಫೋನ್ ಮಾಡಿದರು. ಕೊಂಬೆ ಬಿದ್ದು ಕಂಬದ ತುದಿಯ ಪಿಂಗಾಣಿ ಒಡೆದಿದೆ, ಹತ್ತಬೇಕು, ಎಲ್‌ಸಿ ಕೊಡಿ.

ಬ್ರೇಕರ್ ಆಗಲೇ ತಾನಾಗಿ ಆಫ್ ಆಗಿತ್ತು, ನಾನು ಹಿಡಿ ಎಳೆದೆ. ಮಳೆಯಲ್ಲಿ ಅಡಿಗೆ ಹೋಗಿ ನಿಲ್ಲಲು ಮನಸ್ಸಾಗದೆ ಮಾಡಿನ ಕೆಳಗಿನಿಂದಲೇ ಇಣುಕಿ, "ಮೂರೂ ತೆರ್ದಿತ್ ಅಕ್ಕ" ಎಂದೆ. ಸ್ವರ್ಣಕ್ಕ ಕೊಡೆ ಬಿಡಿಸಿಕೊಂಡು ಹೊರಗೆ ನಡೆದರು.

"ಪ್ರಖ್ಯಾತಾ, ಬಾ ಇಲ್ಲ್. ಎಣ್ಸ್."

"ಒಂದ್... ಎರಡ್..." ನಡುವಿನ ಕತ್ತಿ ಕದಲಿರಲೇ ಇಲ್ಲ.

"ಮೂರ್ನೆದ್ ನಿನ್ನ್ ಬಾಯಲ್ಲ್ ಮಾತ್ರ ತೆರ್ದದ್" ಎಂದರು. ಬೈಗುಳಕ್ಕಿಂತ ಆ ಮೆಲುದನಿಯೇ ಹೆಚ್ಚು ತಾಗಿತು. ಕೈಗವಸು ಹಾಕಿಕೊಂಡು ಹಿಡಿಯನ್ನು ಮೇಲೆ ಕೆಳಗೆ ಮಾಡಿದೆವು. ಮೂರನೆಯ ಎಳೆತಕ್ಕೆ ಕತ್ತಿ ಕಿರುಗುಟ್ಟಿ ಕಳಚಿಕೊಂಡಿತು. ಹಿಡಿಗೆ ಬೀಗ ಹಾಕಿ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಳಗೆ ಮೊಳೆಗೆ ‘ಲೈನಿನಲ್ಲಿ ಜನ ಇದ್ದಾರೆ’ ಎಂಬ ಬೋರ್ಡ್ ತೂಗುಹಾಕಿಸಿದರು. ಆಮೇಲೆಯೇ ರತೀಶಣ್ಣನಿಗೆ ನಂಬರ್ ಕೊಟ್ಟದ್ದು: ನಲವತ್ತೊಂದು. ಹತ್ತು ಗಂಟೆ ಮೂವತ್ತೆಂಟು ನಿಮಿಷ.

ಹನ್ನೊಂದು ಇಪ್ಪತ್ತಕ್ಕೆ ಫೋನ್ ಬಂತು. ಸ್ವರ್ಣಕ್ಕ ಹೊರಗೆ ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಮಟ್ಟ ನೋಡುತ್ತಿದ್ದರು. ನಾನೇ ಎತ್ತಿದೆ. ಆ ಕಡೆ ಮಳೆಯ ಬೊಬ್ಬೆ. ಅದರೊಳಗಿನಿಂದ "ಪ್ರಖ್ಯಾತಾ..." ಎಂದಿತು, ಮತ್ತೇನೋ ಅಂದಿತು, ಕೊನೆಗೆ "...ಬಿಡಿ" ಎಂದಿತು. ಕಟ್ ಆಯಿತು.

ನಾನು ಬೋರ್ಡನ್ನು ಮೊಳೆಯಿಂದ ಇಳಿಸಿ, ಉತ್ಸಾಹದಿಂದ ಹೊರಗೆ ಓಡಿದೆ. "ಅಕ್ಕ, ಕೀ ಕೊಡಿ. ರತೀಶಣ್ಣ ಬಿಡಿ ಅಂದ್ರ್."

"ಪೂರ್ತಿ ಹೇಳ್. ಎಂತ ಅಂದ?"

"ಬಿಡಿ ಅಂದ್ರ್."

"ಅದ್ಕೂ ಮುಂಚೆ?"

"ಕೇಳ್ಲಿಲ್ಲೆ. ಮಳೆ."

"ನಂಬರ್ ಹೇಳಿದ್ನಾ?"

"ಇಲ್ಲೆ."

"ಬೋರ್ಡ್ ಇದ್ದಲ್ಲೇ ಹಾಕ್. ಅವ್ನಿಗೆ ಫೋನ್ ಮಾಡ್."

ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್. ಐದನೆಯ ಸಲ ಮಾಡುವಾಗ ಇನ್ನೊಂದು ಫೋನ್ ಹೊಡೆದುಕೊಂಡಿತು. ನಮ್ಮ ಸೆಕ್ಷನ್ನಿನ ಎಂಜಿನಿಯರ್ ರವಿಶಂಕರ್. ಕೋಟದ ಕಡೆಯವರು, ಒಳ್ಳೆಯವರೇ, ಮೇಲಿನವರ ಫೋನ್ ಬಂದರೆ ಮಾತ್ರ ಬೆವರುತ್ತಾರೆ. ಸ್ವರ್ಣಕ್ಕ ಸ್ಪೀಕರ್ ಹಾಕಿದರು.

"ಎಂತ ತಡ ಸ್ವರ್ಣಕ್ಕ? ರತೀಶ ಇಳ್ದಾಯ್ತಂಬ್ರಲೆ."

"ಯಾರ್ ಹೇಳದ್ದ್ ಸರ್?"

"ಅಜಿತ್. ಒಡ್ದ ಸಾಮಾನ್ ಹಿಡ್ಕಂಡ್ ಈಗಷ್ಟೇ ಸ್ಟೋರಿಗೆ ಬಂದ."

"ಅವ ಹೊರಡುವಾಗ ರತೀಶ ನೆಲದ್ ಮೇಲೆ ಇದ್ನಾ?"

ಆ ಕಡೆ ಗುಸುಗುಸು. "ಇಳೀತಾ ಇದ್ದ ಅಂಬ್ರ್."

"ಇಳೀತಾ ಇಪ್ಪುದ್ ಬೇರೆ, ಇಳ್ದದ್ ಬೇರೆ. ರತೀಶನ್ ಬಾಯಲ್ಲ್ ಕೇಳ್ಕ್ ನಂಗೆ."

"ಅವ್ನ್ ಫೋನ್ ಸತ್ತಿತ್ ಅಕ್ಕ! ಅಲ್ಲ್ ಐಸ್ ಪ್ಲಾಂಟಿನವ್ರ್ ಬೊಬ್ಬೆ ಹೊಡೀತ್ರ್. ಅದ್ ಹಾಳಾಗ್ಲಿ. ಒಂದ್ ಮನೆಯಲ್ಲ್ ಅಜ್ಜ ಆಕ್ಸಿಜನ್ ಮಿಷನ್ನಲ್ಲಿದ್ರ್. ಬ್ಯಾಟ್ರಿ ಮುಗೀತಾ ಬಂತಂಬ್ರ್. ಅಜ್ಜಂಗೆ ಎಂತಾದ್ರೂ ಆರೆ ಯಾರ್ ಜವಾಬ್ದಾರಿ?"

ಸೊಂಟದ ಕೀ ಸ್ವರ್ಣಕ್ಕನ ಕೈಗೆ ಬಂದಿತ್ತು. ಅದನ್ನು ಎಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿದ್ದರೆಂದರೆ, ಅಂಗೈಯಲ್ಲಿ ಕೀಯ ಹಲ್ಲಿನ ಗುರುತು ಮೂಡಿತ್ತು. ನಿವೃತ್ತಿಗೆ ಐದು ತಿಂಗಳಿತ್ತು. ಈಗ ವಿಚಾರಣೆ ಬಿದ್ದರೆ ಪಿಂಚಣಿ ಎಷ್ಟು ವರ್ಷ ತೂಗುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಆ ಮನೆಯವ್ರ್ ಫೋನ್ ನಂಬರ್ ಹೇಳಿ ಸರ್" ಎಂದರು. ಬರೆದುಕೊಂಡು ಫೋನ್ ಇಟ್ಟು, ತಾವೇ ಆಂಬ್ಯುಲೆನ್ಸಿಗೆ ಕರೆ ಮಾಡಿ ದಾರಿ ಹೇಳಿದರು. ಆಮೇಲೆ ಆ ಮನೆಗೆ ಮಾಡಿದರು. "ಕರೆಂಟ್ ಯಾವಾಗ ಬತ್ತ್ ಅಂದ್ ನಂಗೆ ಹೇಳೂಕಾತ್ತಿಲ್ಲೆ. ಕಾಯ್ಕಂಡ್ ಕೂರ್ಬೇಡಿ. ಆಂಬ್ಯುಲೆನ್ಸ್ ಬತ್ತಾ ಇತ್ತ್, ಆಸ್ಪತ್ರೆಗೆ ಕರ್ಕಂಡ್ ಹೋಯ್ನಿ." ಆ ಕಡೆಯವರು ಏನು ಬೈದರೋ, ಸ್ವರ್ಣಕ್ಕ "ಹೌದ್, ಹೌದ್" ಎನ್ನುತ್ತಾ ಕೇಳಿಸಿಕೊಂಡರು.

ಹನ್ನೊಂದು ಮೂವತ್ತಾರು. ರವಿಶಂಕರ್ ಮತ್ತೆ. ಈ ಸಲ ಊರಮಾತು ಬಿಟ್ಟು ಆಫೀಸಿನ ಕನ್ನಡಕ್ಕೆ ಬಂದಿದ್ದರು. "ನಾನು ಆದೇಶ ಕೊಡ್ತಾ ಇದ್ದೇನೆ. ಚಾರ್ಜ್ ಮಾಡಿ."

"ಬರ್ದ್ ಕಳ್ಸಿ ಸರ್."

ಆ ಕಡೆ ಫೋನ್ ಕಟ್ಟಾಯಿತು. ಬರೆದದ್ದು ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅಕ್ಕ, ನಂಗೆ ಸರೀ ಕೇಂಡಿತ್. ಬಿಡಿ ಅಂತ್ಲೇ ಅಂದದ್ದ್."

"ನಂಗೂ ಸರಿಯೇ ಕೇಂಡಿತ್" ಎಂದರು ಸ್ವರ್ಣಕ್ಕ.

"ಎಂತದ್?"

"ತಿಮ್ಮ ಅಂದದ್ದ್."

ತಿಮ್ಮ ಯಾರೆಂದು ನನಗೆ ಗೊತ್ತಿತ್ತು. ಬೈಂದೂರಿನ ಬಸ್‌ಸ್ಟ್ಯಾಂಡಿನ ಬಳಿ ಬಾಳೆಹಣ್ಣಿನ ಅಂಗಡಿ ಇಟ್ಟಿರುವ, ಬಲಗೈ ಇಲ್ಲದ ಮನುಷ್ಯ. ಸ್ವರ್ಣಕ್ಕ ದಿನಾ ಅಲ್ಲಿಂದಲೇ ಹಣ್ಣು ತರುತ್ತಿದ್ದರು.

"ನಾನ್ ಕೆಲ್ಸಕ್ಕೆ ಸೇರಿ ಎರಡ್ನೇ ವರ್ಷ. ಅವ ಲೈನ್‌ಮ್ಯಾನ್. ಹೀಂಗೇ ಮಳೆ, ಗೋಡೆ ಫೋನ್, ಕಿವಿಗೆ ಬರೀ ಗರಗರ. ಅವ ಅಂದದ್ದ್, ‘ಇದ್ ಇವತ್ತ್ ಮುಗೂದಲ್ಲ, ಬಿಡಿ’ ಅಂತ. ನಂಗೆ ಕೇಂಡದ್ದ್ ಕಡೀದೊಂದೇ. ನಾನ್ ಬಿಟ್ಟೆ." ಕಿಟಕಿಯಾಚೆ ಕತ್ತಿಗಳನ್ನು ನೋಡುತ್ತಲೇ ಹೇಳಿದರು. "ತನಿಖೆಯಲ್ಲ್ ಫೋನಿಂದ್ ತಪ್ಪ್ ಅಂದ್ ಬರ್ದ್ರ್. ಫೋನಿಗೆ ಕೈ ಇರ್ಲಿಲ್ಲೆ ಮಗಾ. ಸ್ವಿಚ್ ಹಾಕದ್ ನನ್ ಕೈ."

ಹಿಂದಿನಿಂದ ಕನ್ನಡ ಟೀಚರ್ ಎಂದು ನಕ್ಕಿದ್ದೆಲ್ಲ ನೆನಪಾಯಿತು.

"ಬೈಕ್ ತಂದಿದ್ಯಲೆ?" ಎಂದರು. "ಹೋಗ್. ರತೀಶನ್ ಮುಖ ಕಂಡ್ಕಂಡ್ ನಿನ್ ಫೋನಿಂದ ಮಾತಾಡ್ಸ್. ಕಂಬದ್ ಹತ್ರ ಹೋದ್ರೆ ಏನೂ ಮುಟ್ಟುಕಾಗ. ನೀನ್ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವವ."

ಆರು ಕಿಲೋಮೀಟರ್. ರಸ್ತೆಯ ಮೇಲೆ ನೀರು, ಹೆಲ್ಮೆಟ್ಟಿನ ಗಾಜಿನ ಮೇಲೆ ನೀರು. ದಾರಿಯಲ್ಲಿ ಆಂಬ್ಯುಲೆನ್ಸ್ ಎದುರಾಗಿ ಕುಂದಾಪುರದ ಕಡೆಗೆ ಹೋಯಿತು. ಅದರೊಳಗಿನ ಅಜ್ಜನಿಗಾಗಿ, ಕಂಬದ ಮೇಲಿರಬಹುದಾದ ರತೀಶಣ್ಣನಿಗಾಗಿ, ನಡುವಿನ ಕತ್ತಿ ಮತ್ತೆ ತಾನಾಗಿ ಮುಚ್ಚಿಕೊಳ್ಳದಿರಲೆಂದು, ಒಂದೇ ಉಸಿರಿನಲ್ಲಿ ಮೂರು ಹರಕೆ ಹೊತ್ತೆ. ದೇವರಿಗೂ ಗೊಂದಲವಾಗಿರಬೇಕು.

ತಿರುವು ಕಳೆದ ಕೂಡಲೇ ಗದ್ದೆಯ ನಡುವೆ ಕಂಬ ಕಂಡಿತು. ಅದರ ಅರ್ಧಕ್ಕಿಂತ ಮೇಲೆ, ತಂತಿಯ ಸ್ವಲ್ಪ ಕೆಳಗೆ, ಹಳದಿ ರೇನ್‌ಕೋಟು ತೊಟ್ಟ ಮನುಷ್ಯ ಒರಗಿಕೊಂಡಿದ್ದ. ತಲೆ ಬಾಗಿತ್ತು. ಕೈಗಳು ಜೋತುಬಿದ್ದಿದ್ದವು.

ಬೈಕನ್ನು ಹೇಗೆ ನಿಲ್ಲಿಸಿದೆನೋ ನೆನಪಿಲ್ಲ. ಕೆಸರಿನಲ್ಲಿ ಓಡಿದೆ, ಬಿದ್ದೆ, ಎದ್ದು ಓಡಿದೆ. "ರತೀಶಣ್ಣಾ! ರತೀಶಣ್ಣಾ!" ಗಾಳಿ ಬೀಸಿತು. ಮನುಷ್ಯನ ಹೊಟ್ಟೆ ಒಳಕ್ಕೆ ಹೋಗಿ ಬೆನ್ನು ಹೊರಗೆ ಬಂತು. ಬರೀ ಕೋಟು. ಕಂಬದ ಕಬ್ಬಿಣದ ಪಟ್ಟಿಗೆ ಸಿಕ್ಕಿಸಿ ಮರೆತದ್ದು.

"ಹ್ವಾಯ್, ಎಂತ ಮಾರಾಯ, ಗದ್ದೆ ಹೂಡುಕೆ ಬಂದ್ಯಾ?"

ರಸ್ತೆಯಾಚೆ ಚಹಾದ ಗೂಡಂಗಡಿ. ಅದರ ತಗಡಿನ ಕೆಳಗೆ ಬೆಂಚಿನ ಮೇಲೆ ರತೀಶಣ್ಣ. ಎರಡೂ ಕೈ ಇದ್ದವು. ಒಂದರಲ್ಲಿ ಚಹಾ, ಒಂದರಲ್ಲಿ ಗೋಳಿಬಜೆ.

ಕೆಸರುಗಾಲಲ್ಲೇ ರಸ್ತೆ ದಾಟಿದೆ. ಅವರೇ ಮೊದಲು ಕೇಳಿದರು. "ಕರೆಂಟ್ ಇನ್ನೂ ಬರ್ಲಿಲ್ಲೆ ಎಂತಕ್ಕೆ? ಇಳ್ದದ್ದೇ ಫೋನ್ ಮಾಡಿ ಹೇಳಿದ್ನಲೆ, ‘ಕೆಲ್ಸ ಆಯ್ತ್, ಬಿಡಿ’ ಅಂದ್. ಫೋನಿಗೆ ನೀರ್ ಹೋಯಿ ಸತ್ತೇ ಹೋಯ್ತ್."

ಬದುಕಿನಲ್ಲಿ ಒಂದೇ ಒಂದು ಸಲ ನಾನು ಸರಿಯಾಗಿ ಅರ್ಥಮಾಡಿಕೊಂಡಿದ್ದೆ. ಅದೂ ಪ್ರಯೋಜನಕ್ಕೆ ಬಾರದ ದಿನ.

ನನ್ನ ಫೋನ್ ಅವರ ಕಿವಿಗೆ ಹಿಡಿದೆ. ಆ ಕಡೆಯಿಂದ ಸ್ವರ್ಣಕ್ಕನ ದನಿ ನನಗೂ ಕೇಳುತ್ತಿತ್ತು. "ಯಾರ್?"

"ರತೀಶ, ಅಕ್ಕ."

ಆ ಕಡೆ ಪುಸ್ತಕ ಎಳೆದುಕೊಂಡ ಶಬ್ದ. ಆಮೇಲೆ ಯಾವತ್ತಿನ ದನಿ. "ನಂಬರ್?"

"ನಲ್ವತ್ತೊಂದ್."

"ಎಷ್ಟ್ ಜನ ಹತ್ತದ್ದ್?"

"ನಾನೊಬ್ನೇ. ಇಳ್ದೆ. ಸರಪಳಿ ತೆಗ್ದೆ, ಇಲ್ಲೇ ಕಾಲ್ ಬುಡದಲ್ಲಿತ್. ಇನ್ನಾರೂ ಬಿ..." ನಾನು ರತೀಶಣ್ಣನ ಮುಖ ನೋಡಿದೆ. ಅವರು ಗೋಳಿಬಜೆ ನುಂಗಿದರು. "ಚಾರ್ಜ್ ಮಾಡ್ಲಕ್ಕ್."

ಫೋನ್ ಕಟ್ ಮಾಡದೆ ಕಾದೆವು. ಹಿಡಿ ಮೇಲೆತ್ತುವ ಕಿರುಗು. ಮಳೆಯಲ್ಲಿ ಅವರ ಚಪ್ಪಲಿಯ ಶಬ್ದ, ಎಣಿಸಲು ಹೋದದ್ದು, ಎಣಿಸಿ ಮರಳಿದ್ದು. ಆಮೇಲೆ ‘ಟಪ್’. ಹಿಂದೆ ‘ಟಿಕ್’ ಇಲ್ಲ. ಅಂದು ಮೊದಲ ಸಲ ನನಗೆ ಆ ವ್ಯತ್ಯಾಸ ಗೊತ್ತಾಯಿತು. ಗೂಡಂಗಡಿಯ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿತು. ಹನ್ನೆರಡು ಗಂಟೆ ನಾಲ್ಕು ನಿಮಿಷ.

ಅಜ್ಜ ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದರು. ಅವರ ಮಗ ದೂರು ಬರೆದರು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸ್ವರ್ಣಕ್ಕನಿಗೆ ನೋಟಿಸು ಬಂತು. ಹತ್ತು ದಿನದ ಮೇಲೆ ದೊಡ್ಡ ಆಫೀಸಿನಿಂದ ಒಬ್ಬ ಅಧಿಕಾರಿ ನಮ್ಮ ಸ್ಟೇಷನ್ನಿಗೇ ಬಂದು ಕುಳಿತರು. ಘಟ್ಟದ ಮೇಲಿನವರು, ವಯಸ್ಸು ಚಿಕ್ಕದು, ಮಾತು ಮೆದು.

ರತೀಶಣ್ಣನನ್ನು ಕೇಳಿದರು: ಹನ್ನೊಂದು ಇಪ್ಪತ್ತಕ್ಕೆ ನೀವು ಕೆಳಗೆ ಇದ್ದಿರಾ? ಇದ್ದೆ ಸರ್. ನನ್ನನ್ನು ಕೇಳಿದರು: ‘ಬಿಡಿ’ ಎಂದದ್ದು ನಿಮಗೆ ಸ್ಪಷ್ಟವಾಗಿ ಕೇಳಿಸಿತ್ತಾ? ಕೇಳಿಸಿತ್ತು ಸರ್. ನನ್ನ ನಿಜವೆಲ್ಲ ಸ್ವರ್ಣಕ್ಕನ ವಿರುದ್ಧವೇ ಹೋಗಿ ಬೀಳುತ್ತಿತ್ತು. ನಡುವೆ ತೂರಿಕೊಂಡು, "ಸರ್, ಅವತ್ತು ಬೆಳಿಗ್ಗೆ ಕತ್ತಿ ಎಣಿಸದೆ ಸುಳ್ಳು ಹೇಳಿದವನು ನಾನು, ಅದನ್ನೂ ಬರೆದುಕೊಳ್ಳಿ" ಎಂದೆ. ರವಿಶಂಕರ್ ನನ್ನ ಕಾಲು ತುಳಿದರು. ಅಧಿಕಾರಿ ಬರೆದುಕೊಂಡರು.

ಹೊರಗೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿತ್ತು. ಅದು ಉಸಿರಾಡುವ ಗಾಜಿನ ಡಬ್ಬಿ, ಬ್ರೀದರಿನಲ್ಲಿ, ಹರಳು ಅರ್ಧ ಗುಲಾಬಿಯಾಗಿತ್ತು. ಸ್ವರ್ಣಕ್ಕ ಕುರ್ಚಿಯ ತುದಿಯಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು.

ಅಧಿಕಾರಿ ಫೈಲು ಮುಚ್ಚಿದರು. "ಅಮ್ಮಾ, ಅವತ್ತು ನಲವತ್ತನಾಲ್ಕು ನಿಮಿಷ ಸುಮ್ಮನೆ ಹೋಯಿತು. ಆತ ಚಹಾ ಕುಡೀತಾ ಇದ್ದ. ಒಬ್ಬರ ಜೀವಕ್ಕೆ ಅಪಾಯವಾಗೋದಿತ್ತು. ನಿಮ್ಮ ಎಂಜಿನಿಯರ್ ಹೇಳಿದರೂ ಕೇಳಲಿಲ್ಲ. ನಾಳೆ ಇಂಥದೇ ಹೊತ್ತಿನಲ್ಲಿ ನಾನೇ ಫೋನ್ ಮಾಡಿ ಚಾರ್ಜ್ ಮಾಡಿ ಅಂದರೂ ನೀವು ಮಾಡೋದಿಲ್ಲವಾ?"

ರವಿಶಂಕರ್ ಸ್ವರ್ಣಕ್ಕನ ಕಡೆ ನೋಡಿ ಕಣ್ಣಿನಲ್ಲೇ ಬೇಡಿಕೊಂಡರು. ಮಾಡ್ತೆ ಅನ್ನಿ, ಒಂದು ಮಾತು, ಮುಗಿಯುತ್ತದೆ. ನಾನೂ ಹಾಗೇ ಬೇಡಿಕೊಂಡೆ.

"ಇಲ್ಲೆ ಸರ್" ಎಂದರು ಸ್ವರ್ಣಕ್ಕ. "ಕಂಬ ಹತ್ತುದ್ ನೀವಲ್ಲ."